1/4 ಸ್ಕೇಲ್ (ನಿಜ ಗಾತ್ರದ ಕಾಲು ಭಾಗ) ಆರ್‌ಸಿ (ರೇಡಿಯೋ ನಿಯಂತ್ರಿತ) ವಿಮಾನದ ಏಲೆರಾನ್ ದೊಡ್ಡದು ಮಾಡಿದರೆ ಸರ್ವೋ ಬದಲಿಸಬೇಕಾ?

ಬಹುತೇಕ ಬದಲಿಸಬೇಕಾಗುತ್ತದೆ. ಏಲೆರಾನ್ ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಚಲಿಸುವ ಭಾಗ; ಸರ್ವೋ ಅಂದರೆ ಅದನ್ನು ಅಲುಗಿಸುವ ಪುಟ್ಟ ಮೋಟಾರು. ಉದಾಹರಣೆಗೆ, ಪೈಪರ್ ಕಬ್ ಎಂಬ ಹಗುರ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 1/4 ಸ್ಕೇಲ್‌ನಲ್ಲಿ ಸುಮಾರು 2.7 ಮೀಟರ್ ಉದ್ದ. ಅದರ ಏಲೆರಾನ್ ಅಗಲವನ್ನು 60 ಮಿ.ಮೀ.ನಿಂದ 75ಕ್ಕೆ ಏರಿಸಿದಿರಿ ಎಂದುಕೊಳ್ಳಿ. ವಿಸ್ತೀರ್ಣ 25% ಹೆಚ್ಚುತ್ತದೆ, ಆದರೆ ಸರ್ವೋ ತಡೆಯಬೇಕಾದ ಟಾರ್ಕ್ (ತಿರುಚುವ ಬಲ) ಸುಮಾರು 56% ಜಾಸ್ತಿಯಾಗುತ್ತದೆ. ಗಾಳಿ ಒತ್ತುವ ಜಾಗವೂ ಬೆಳೆಯಿತು, ಹಿಂಜ್‌ನಿಂದ (ಕೀಲಿನಿಂದ) ಅದರ ದೂರವೂ ಬೆಳೆಯಿತು ಅಲ್ವಾ?

ಇದಕ್ಕಿಂತ ದೊಡ್ಡ ಅಪಾಯ ಫ್ಲಟರ್. ಹಿಂಜ್‌ನ ಹಿಂದೆ ತೂಕ ಹೆಚ್ಚಾಗಿ, ಲಿಂಕೇಜ್‌ನಲ್ಲಿ (ಸರ್ವೋವನ್ನು ಏಲೆರಾನ್‌ಗೆ ಸೇರಿಸುವ ಜೋಡಣೆಯಲ್ಲಿ) ಸ್ವಲ್ಪ ಸಡಿಲವಿದ್ದರೆ, ಡೈವ್‌ನಲ್ಲಿ ಏಲೆರಾನ್ ಪಟಪಟನೆ ಅದುರಿ ಕ್ಷಣದಲ್ಲಿ ಕಿತ್ತು ಹೋಗಬಹುದು. ಹಾಗಾಗಿ ಸೇರಿಸುವ ಭಾಗವನ್ನು ಗಟ್ಟಿ ಹಲಗೆಯಿಂದ ಮಾಡಬೇಡಿ. ಬಾಲ್ಸಾ ಎಂಬ ಹಗುರ ಮರದ ರಿಬ್ (ಪಕ್ಕೆಲುಬಿನಂಥ ಪಟ್ಟಿ) ಇಟ್ಟು ಹಗುರವಾಗಿ ಕಟ್ಟಿ. ರಿಸೀವರ್ ಆನ್ ಮಾಡಿ, ಏಲೆರಾನ್‌ನ ಹಿಂದಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಸರ್ವೋ ಆರ್ಮ್ ಅಲುಗದೆ ಅಂಚು ಮಾತ್ರ ಅಲುಗಿದರೆ, ಸವೆದ ಕ್ಲೆವಿಸ್ (ಕಡ್ಡಿಯ ತುದಿಯ ಕೊಂಡಿ) ಅಥವಾ ಹಾರ್ನ್ (ಆ ಕೊಂಡಿ ಸಿಕ್ಕುವ ಏಲೆರಾನ್ ಮೇಲಿನ ಕೊಂಬು) ಬದಲಿಸದೆ ಹಾರಿಸಲೇಬೇಡಿ. ಪುಶ್‌ರಾಡ್ (ಸರ್ವೋದಿಂದ ಏಲೆರಾನ್ ತಳ್ಳುವ ಕಡ್ಡಿ) ಬಾಗುವಷ್ಟು ತೆಳ್ಳಗಿರಬಾರದು. ಟ್ರಾನ್ಸ್‌ಮಿಟರ್‌ನಲ್ಲಿ ಚಲನೆ ಕಡಿಮೆ ಮಾಡುವ ಬದಲು, ಸರ್ವೋ ಆರ್ಮ್‌ನ ಒಳಗಿನ ರಂಧ್ರ ಬಳಸಿ. ಬಲವೂ ಸಿಗುತ್ತದೆ, ಸಡಿಲವೂ ಕಡಿಮೆಯಾಗುತ್ತದೆ.

ಆದರೆ ಕತ್ತರಿ ಹಾಕುವ ಮೊದಲು, ಹಿಂಜ್ ಸಂದಿಯನ್ನು ತೆಳು ಟೇಪ್‌ನಿಂದ ಮುಚ್ಚಿ ಒಮ್ಮೆ ಹಾರಿಸಿ ನೋಡಿ. ಸಂದಿಯಲ್ಲಿ ಗಾಳಿ ಸೋರುವುದು ನಿಂತರೆ ರೋಲ್ (ಪಕ್ಕಕ್ಕೆ ವಾಲುವುದು) ಸಾಕಷ್ಟು ಚುರುಕಾಗುತ್ತದೆ. ಎಷ್ಟೋ ಸಲ ಅಷ್ಟೇ ಸಾಕು.

ದೊಡ್ಡದು ಮಾಡಲೇಬೇಕು ಅಂದರೆ, ಏಲೆರಾನ್ ಮೇಲಕ್ಕೆ ಹೆಚ್ಚು, ಕೆಳಕ್ಕೆ ಕಡಿಮೆ ಚಲಿಸುವಂತೆ ಡಿಫರೆನ್ಷಿಯಲ್ ಕೊಡಿ. ಕಬ್‌ನ ಮೂಗು ತಿರುವಿನ ವಿರುದ್ಧ ದಿಕ್ಕಿಗೆ ಎಳೆಯುವುದು ಮೊದಲೇ ಜಾಸ್ತಿ; ಇದರಿಂದ ಅದು ತಗ್ಗುತ್ತದೆ.