ಆಯುಷ್ಮಾನ್ ಕಾರ್ಡಿನಲ್ಲಿ ಸಿಗುವ ಚಿಕಿತ್ಸೆಯ ಗುಣಮಟ್ಟ ಕಾಯುವುದು ಹೇಗೆ?

ಮುಖ್ಯವಾಗಿ ಹಣದ ಮೂಲಕ. ಆಸ್ಪತ್ರೆಗೆ ದುಡ್ಡು ಕೊಡುವುದು ಯೋಜನೆಯೇ ಅಲ್ವಾ, ಹಾಗಾಗಿ ಷರತ್ತು ಹಾಕುವ ಬಲವೂ ಅದಕ್ಕಿದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತದಲ್ಲಿ ಪ್ರತಿ ಚಿಕಿತ್ಸೆಗೂ ಮೊದಲೇ ಗೊತ್ತುಮಾಡಿದ ಪ್ಯಾಕೇಜ್ ದರವಿದೆ. ಎನ್‌ಎಬಿಎಚ್ ಎಂಬ ಸಂಸ್ಥೆ ಆಸ್ಪತ್ರೆಯ ಸೋಂಕು ತಡೆ, ಔಷಧಿ ಕೊಡುವ ಕ್ರಮ ಇವನ್ನೆಲ್ಲ ಪರೀಕ್ಷಿಸಿ ಪೂರ್ಣ ಮಾನ್ಯತೆ ಕೊಟ್ಟಿದ್ದರೆ, ಕೇಂದ್ರದ ಮಾರ್ಗಸೂಚಿಯಂತೆ ಆ ದರಕ್ಕಿಂತ ಶೇ. 15 ಜಾಸ್ತಿ ಸಿಗುತ್ತದೆ.

ರೋಗಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಮುಂಗಡ ಅನುಮತಿ ಅನಿಸುತ್ತದೆ ನನಗೆ. ಅನೇಕ ಆಪರೇಷನ್‌ಗಳಿಗೆ ಮೊದಲು ಆಸ್ಪತ್ರೆಯು ಯೋಜನೆಯವರಿಗೆ ಸ್ಕ್ಯಾನ್, ಲ್ಯಾಬ್ ವರದಿ ಕಳಿಸಿ ಒಪ್ಪಿಗೆ ಪಡೆಯಬೇಕು. ಬೇಕಿಲ್ಲದಿದ್ದರೂ ಸುಮ್ನೆ ಗರ್ಭಕೋಶ ತೆಗೆದುಹಾಕುವಂಥ ಅನ್ಯಾಯಕ್ಕೆ ಇದು ತಡೆ. ಮೋಸ ಸಾಬೀತಾದರೆ ದಂಡ ಬೀಳಬಹುದು, ಆಸ್ಪತ್ರೆಯನ್ನು ಯೋಜನೆಯ ಪಟ್ಟಿಯಿಂದಲೇ ತೆಗೆಯಬಹುದು.