ಕೆಳದವಡೆಯ ಹಲ್ಲು ಕೀಳಿಸಿದ ಮೇಲೆ ಬಾಯಿ ತೆರೆಯಲು ಯಾಕೆ ಆಗುವುದಿಲ್ಲ?

ಹಲ್ಲು ಕೀಳಿಸಿ ಮೂರು ದಿನವಾದರೂ ಕಡುಬಿನ ತುಂಡು ಬಾಯಿಗೆ ಹೋಗುತ್ತಿಲ್ಲ ಎಂದು ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಎಷ್ಟೋ ಸಲ ಇದಕ್ಕೆ ಕಾರಣ ಹಲ್ಲಲ್ಲ, ಸೂಜಿ ಹೋದ ಜಾಗ.

ಕೆಳಹಲ್ಲುಗಳ ನರ ದವಡೆಮೂಳೆಯ ಒಳಮಗ್ಗುಲಲ್ಲಿರುವ ರಂಧ್ರದ ಮೂಲಕ ಮೂಳೆಯೊಳಕ್ಕೆ ಇಳಿಯುತ್ತದೆ. ಅಪಧಮನಿ, ಅಭಿಧಮನಿಗಳೂ ಅದರ ಜೊತೆಗೇ ಇರುತ್ತವೆ. ಮರಗಟ್ಟಿಸುವ ಇಂಜೆಕ್ಷನ್ ಆ ರಂಧ್ರದ ಬಳಿ ಬೀಳಬೇಕು. ಪಕ್ಕದಲ್ಲೇ ಬಾಯಿ ಮುಚ್ಚಿಸುವ ಮೀಡಿಯಲ್ ಟೆರಿಗಾಯ್ಡ್ ಸ್ನಾಯು ಇದೆ. ಸೂಜಿ ಅದಕ್ಕೆ ಚುಚ್ಚಿದರೆ, ಅಥವಾ ರಕ್ತನಾಳಕ್ಕೆ ತಗುಲಿ ಒಳಗೆ ರಕ್ತ ಕಟ್ಟಿದರೆ, ಸ್ನಾಯು ಸೆಟೆದುಕೊಳ್ಳುತ್ತದೆ. ಬಾಯಿ ತೆರೆಯಬೇಕೆಂದರೆ ಅದು ಹಿಗ್ಗಲೇಬೇಕು, ಹಿಗ್ಗುವುದಿಲ್ಲ.

ಸಾಮಾನ್ಯವಾಗಿ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಮುಂಹಲ್ಲುಗಳ ನಡುವೆ ಹಿಡಿಸಬೇಕು, ಅಂದರೆ ಸುಮಾರು 40 ಮಿ.ಮೀ. ಈಗ ಗಂಟೆಗೊಮ್ಮೆ 15–20 ನಿಮಿಷ ಕೆನ್ನೆಗೆ ಬಿಸಿ ಬಟ್ಟೆಯ ಶಾಖ ಕೊಡಿ, ಆಮೇಲೆ ನಿಧಾನಕ್ಕೆ ಬಾಯಿ ತೆರೆದು ಮುಚ್ಚಿ. ಬಲವಂತ ಬೇಡ. ಊಟಕ್ಕೆ ಗಂಜಿ ಸಾಕು. ಜ್ವರ, ಹೆಚ್ಚುವ ಊತ, ನುಂಗಲು ಕಷ್ಟ ಇದ್ದರೆ ಸೋಂಕಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ.

ಎಲೆಅಡಿಕೆ ಅಭ್ಯಾಸವಿದ್ದು, ವರ್ಷಗಳಿಂದ ಬಾಯಿ ಕಿರಿದಾಗುತ್ತಾ ಬಂದು ಖಾರ ತಿಂದರೆ ಉರಿಯುತ್ತಿದ್ದರೆ ಕಥೆ ಬೇರೆ. ಅಲ್ಲಿ ಕೆನ್ನೆಯ ಒಳಪದರವೇ ನಾರುಗಟ್ಟಿರಬಹುದು, ಅದು ಶಾಖಕ್ಕೆ ಬಗ್ಗುವುದಲ್ಲ.