ಮೀನು ತಾನಾಗಿ ಕಚ್ಚಬೇಕು: ಗಾಳಗಾರರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ಸಿಹಿನೀರಿನಲ್ಲಿ ಗಾಳ ಹಾಕುವಾಗ ಯಾವ ಸಾಮಾನು ಬಳಸಬಹುದು, ಯಾವುದಕ್ಕೆ ದಂಡ ಬೀಳುತ್ತದೆ? ಉತ್ತರಕ್ಕೆ ಮೊದಲು ಒಂದು ಮಾತು. ನಿಯಮ ನೀರಿನಿಂದ ನೀರಿಗೆ ಬದಲಾಗುತ್ತದೆ. ಒಂದೇ ನದಿಗೆ ಅಣೆಕಟ್ಟಿನ ಮೇಲೆ ಒಂದು ನಿಯಮ, ಕೆಳಗೆ ಇನ್ನೊಂದು ಇರಬಹುದು. ಆ ನೀರನ್ನು ನೋಡಿಕೊಳ್ಳುವವರು ಬರೆದಿಟ್ಟದ್ದೇ ಅಂತಿಮ. ಅವರು ಹಾಗೆ ಬರೆಯಲು ಕಾರಣ ಏನಿರಬಹುದು ಅಂತ ನಾನು ಹೇಳಬಲ್ಲೆ.

ಪ್ರಶ್ನೆ: ಈಗಷ್ಟೇ ಗಾಳದ ಲೈಸೆನ್ಸ್ ಮಾಡಿಸಿದ್ದೇನೆ. ಇನ್ನು ಹೇಗೆ ಬೇಕಾದರೂ ಮೀನು ಹಿಡಿಯಬಹುದು ಅಲ್ವಾ? ಹಿಡಿದ ಮೀನು ಹಿಡಿದ ಮೀನೇ ತಾನೇ?

ಇಲ್ಲ ಮಾರಾಯರೇ. ಗಾಳದ ಲೈಸೆನ್ಸ್ ಅಂದರೆ ಕೋಲು, ದಾರ, ಕೊಕ್ಕೆ, ಅಷ್ಟೇ. ಬಲೆ, ಬೋನು, ಭರ್ಜಿಗೆಲ್ಲ ಬೇರೆ ಅನುಮತಿ ಬೇಕು. ಎಷ್ಟೋ ಕಡೆ ಹವ್ಯಾಸಕ್ಕೆ ಹಿಡಿಯುವವರಿಗೆ ಅದು ಸಿಗುವುದೇ ಇಲ್ಲ. ಕೋಲಿಗೂ ಲೆಕ್ಕ ಇರುತ್ತದೆ. ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆ ಸಿಹಿನೀರಿಗೆ ಗಾಳ ಹಾಕುವಂತಿಲ್ಲ. ಕೋಲನ್ನು ನೆಟ್ಟು, ದಾರ ನೀರಲ್ಲಿ ಬಿಟ್ಟು, ದೂರದ ನೆರಳಲ್ಲಿ ಮಲಗಿದರೂ ಅಲ್ಲಿ ಅದು ತಪ್ಪೇ. ನೀವು ಏಳುವ ಹೊತ್ತಿಗೆ ಮೀನು ಕೊಕ್ಕೆ ನುಂಗಿ, ದಾರ ಸುತ್ತಿಕೊಂಡು ಸತ್ತಿರುತ್ತದೆ.

ಗಾಳದ ಕಾನೂನುಗಳನ್ನೆಲ್ಲ ಹಿಂಡಿದರೆ ಸಿಗುವುದು ಒಂದೇ ತಿರುಳು. ಮೀನು ತಾನಾಗಿ ಬಾಯಿ ತೆರೆದು ಕಚ್ಚಿರಬೇಕು. ದೊಡ್ಡ ಮೂರ್ಕೊಕ್ಕೆಗೆ (ಒಂದೇ ಕಾಂಡಕ್ಕೆ ಮೂರು ಮೊನೆ ಇರುವ ಕೊಕ್ಕೆ) ಸೀಸ ಕಟ್ಟಿ, ಎರೆಯೂ ಇಲ್ಲದೆ ಮೀನಿನ ಹಿಂಡಿಗೆ ಎಸೆದು, ಜಗ್ಗಿ ಎಳೆದು ಬೆನ್ನಿಗೋ ಹೊಟ್ಟೆಗೋ ಸಿಕ್ಕಿಸುವವರಿದ್ದಾರೆ. ಮೊಟ್ಟೆ ಇಡಲು ನದಿ ಹತ್ತುವ ಮೀನು ಕಿರಿದಾದ ಜಾಗದಲ್ಲಿ ಗುಂಪಾಗಿ ನಿಂತಾಗ ಈ ಆಟ ಜೋರು. ಅದಕ್ಕೇ ಅಂಥ ನದಿಗಳಲ್ಲಿ ಮೂರ್ಕೊಕ್ಕೆಯನ್ನೇ ನಿಷೇಧಿಸಿ, ಒಂಟಿ ಕೊಕ್ಕೆ ಮಾತ್ರ ಅನ್ನುವ ನಿಯಮ ಬಂದಿದೆ. ನಿಮಗೆ ಗೊತ್ತಿಲ್ಲದೆ ಕೊಕ್ಕೆ ಮೀನಿನ ಬಾಲಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಬಹಳಷ್ಟು ಕಡೆ ಆ ಮೀನನ್ನು ವಾಪಸು ಬಿಡಲೇಬೇಕು. ಎಷ್ಟು ದೊಡ್ಡದಿದ್ದರೂ ಅದು ನಿಮ್ಮ ಮೀನಲ್ಲ.

ಪ್ರಶ್ನೆ: ಕೊಕ್ಕೆಯ ಹಿಂಮುಳ್ಳು ತೆಗೆದುಹಾಕಿ ಅಂತ ಒಂದು ಕೆರೆಯ ಫಲಕದಲ್ಲಿ ಬರೆದಿದ್ದಾರೆ. ಮುಳ್ಳಿಲ್ಲದಿದ್ದರೆ ಮೀನು ಜಾರಿಹೋಗುವುದಿಲ್ಲವೇ? ಹೊಸ ಕೊಕ್ಕೆಗಳನ್ನೇ ಕೊಳ್ಳಬೇಕೇ?

ಕೊಳ್ಳಬೇಕಾಗಿಲ್ಲ. ಹಿಂಮುಳ್ಳು ಅಂದರೆ ಕೊಕ್ಕೆಯ ಮೊನೆಯ ಹತ್ತಿರ ಹಿಂದಕ್ಕೆ ಚಾಚಿರುವ ಸಣ್ಣ ಚೂಪು. ಅದಕ್ಕೆ ಒಂದು ಸಣ್ಣ ಇಕ್ಕಳ ಸಾಕು. ಮುಳ್ಳನ್ನು ಇಕ್ಕಳದ ತುದಿಯಲ್ಲಿ ಹಿಡಿದು ನಿಧಾನವಾಗಿ ಒತ್ತಿ, ಕೊಕ್ಕೆಯ ಮೈಗೆ ಅಂಟಿಸಿ. ಒಮ್ಮೆಲೇ ಅಮುಕಿದರೆ ಮೊನೆಯೇ ಮುರಿಯುತ್ತದೆ, ಅದರಲ್ಲೂ ಅಗ್ಗದ ಕೊಕ್ಕೆ. ಆಮೇಲೆ ಒಂದು ಹತ್ತಿ ಬಟ್ಟೆಗೆ ಚುಚ್ಚಿ ಹಿಂದಕ್ಕೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಮುಳ್ಳು ಇನ್ನೂ ಇದೆ ಅಂತ ಅರ್ಥ. ನಾನು ಈ ಕೆಲಸವನ್ನು ಹಿಂದಿನ ರಾತ್ರಿ ಮನೆಯಲ್ಲೇ ಮುಗಿಸುತ್ತೇನೆ. ದಡದಲ್ಲಿ ನಿಂತಾಗ ಕೈ ಒದ್ದೆ, ಮೀನು ಬೇರೆ ನೆಗೆಯುತ್ತಿರುತ್ತದೆ, ಆಗ ಯಾರಿಗೂ ತಾಳ್ಮೆ ಇರುವುದಿಲ್ಲ.

ಇನ್ನು ಜಾರಿಹೋಗುವ ಪ್ರಶ್ನೆ. ದಾರ ಸಡಿಲ ಬಿಟ್ಟರೆ ಖಂಡಿತ ಹೋಗುತ್ತದೆ. ಬಿಗಿ ಉಳಿಸಿಕೊಂಡರೆ ಅಷ್ಟೇನೂ ಹೋಗುವುದಿಲ್ಲ. ಮುಳ್ಳಿರುವ ಕೊಕ್ಕೆ ಕೆಲವರಿಗೆ ಸೋಮಾರಿತನ ಕಲಿಸಿದೆ ಅಂತ ನನ್ನ ಅನುಮಾನ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ 1990ರಿಂದ ಮುಳ್ಳಿಲ್ಲದ ಕೊಕ್ಕೆಯೇ ಕಡ್ಡಾಯ. ಅಲ್ಲಿಯವರೇನೂ ಗಾಳ ಹಾಕುವುದನ್ನು ಬಿಟ್ಟಿಲ್ಲ. ಲಾಭ ಇರುವುದು ಬಿಡಿಸುವಾಗ. ಮುಳ್ಳಿಲ್ಲದ ಕೊಕ್ಕೆ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ, ಮೀನು ನೀರಿನಾಚೆ ಇರುವ ಹೊತ್ತು ಕಡಿಮೆಯಾಗುತ್ತದೆ. ನಿಮ್ಮ ಹೆಬ್ಬೆರಳಿಗೆ ಚುಚ್ಚಿದರೂ ಅಷ್ಟೇ ಸುಲಭವಾಗಿ ಬರುತ್ತದೆ. ಈ ಎರಡನೇ ಕಾರಣ ಕೇಳಿದ ಮೇಲೆಯೇ ನನ್ನ ಗೆಳೆಯರು ಬಹಳ ಜನ ಇಕ್ಕಳ ಹಿಡಿದದ್ದು.

ಎರೆ ಹಾಕಿ ಕಾಯುವವರು ಸರ್ಕಲ್ ಹುಕ್ ಕೂಡ ನೋಡಿ. ಅದರ ಮೊನೆ ಒಳಕ್ಕೆ, ತನ್ನದೇ ಕಾಂಡದ ಕಡೆಗೆ ತಿರುಗಿರುತ್ತದೆ. ಮೀನು ಎರೆ ನುಂಗಿ ತಿರುಗಿದಾಗ ಕೊಕ್ಕೆ ಗಂಟಲಲ್ಲಿ ನಿಲ್ಲದೆ ಜಾರುತ್ತಾ ಬಂದು ಬಾಯಿಯ ಮೂಲೆಗೆ ಸಿಕ್ಕುತ್ತದೆ. ಷರತ್ತು ಒಂದೇ: ದಾರಕ್ಕೆ ಕಟ್ಟಿ ತೇಲಬಿಟ್ಟ ಬೆಂಡು ಮುಳುಗಿದ ಕೂಡಲೇ ಕೋಲನ್ನು ಝಾಡಿಸಿ ಎತ್ತಬಾರದು. ಸುಮ್ನೆ ರೀಲ್ ತಿರುಗಿಸಿ ದಾರ ಬಿಗಿ ಮಾಡಬೇಕು. ಹಳೇ ಅಭ್ಯಾಸದ ಕೈಗೆ ಇದು ಕಷ್ಟ. ಝಾಡಿಸಿದರೆ ಎರೆಯೂ ಇಲ್ಲ, ಮೀನೂ ಇಲ್ಲ.

ಅಷ್ಟಾದರೂ ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೆದಕಬೇಡಿ. ದಾರವನ್ನು ಆದಷ್ಟು ಒಳಗೆ ಕತ್ತರಿಸಿ ಮೀನನ್ನು ಬಿಟ್ಟುಬಿಡಿ. ಕೊಕ್ಕೆ ಎಳೆದು ತೆಗೆದ ಮೀನಿಗಿಂತ ಹಾಗೆ ಬಿಟ್ಟ ಮೀನು ಬದುಕುವುದು ಜಾಸ್ತಿ.

ಪ್ರಶ್ನೆ: ಜೀವಂತ ಸಣ್ಣ ಮೀನನ್ನು ಎರೆಯಾಗಿ ಬಳಸುವುದು ಕೆಲವು ಕಡೆ ನಿಷಿದ್ಧವಂತೆ. ಮೀನಿಗೆ ಮೀನೇ ಆಹಾರವಲ್ಲವೇ? ಕೊನೆಗೆ ಉಳಿದ ಮೀನು, ಎರೆಹುಳವನ್ನು ಅಲ್ಲೇ ಬಿಟ್ಟರೆ ಪುಣ್ಯವಲ್ಲವೇ?

ಪುಣ್ಯ ಅಂದುಕೊಂಡೇ ಜನ ಎಷ್ಟೋ ಕೆರೆ ಕೆಡಿಸಿದ್ದಾರೆ. ಕಾನೂನಿಗೆ ಇಲ್ಲಿ ಚಿಂತೆ ನೀವು ಹಿಡಿಯುವ ಮೀನಿನದ್ದಲ್ಲ, ಬಕೆಟ್ಟಿನಲ್ಲಿ ಬಂದ ಮೀನಿನದ್ದು. ಬೇರೆ ನೀರಿನ ಸಣ್ಣ ಮೀನು ಹತ್ತೇ ತಪ್ಪಿಸಿಕೊಂಡರೂ ಅಲ್ಲಿ ಸಂಸಾರ ಹೂಡಬಹುದು. ಮೀನು ಬರದಿದ್ದರೂ ಅದು ಇದ್ದ ನೀರಿನ ಜೊತೆ ರೋಗ ಬರಬಹುದು. ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ ಮೀನಿನ ಮೈಯೊಳಗೆ ರಕ್ತ ಸೋರಿಸಿ ಸಾಯಿಸುವ ವೈರಸ್ ಒಂದು ಹರಡಿದಾಗ, ಎರೆಮೀನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೇ ಕಡಿವಾಣ ಹಾಕಿದರು. ಅದಕ್ಕೆ ಕೆಲವು ಕಡೆ ಜೀವಂತ ಮೀನು ಪೂರ್ತಿ ಬೇಡ ಅನ್ನುತ್ತಾರೆ. ಕೆಲವು ಕಡೆ ಅದೇ ನೀರಿನಲ್ಲಿ ಹಿಡಿದದ್ದಾದರೆ ಸರಿ. ಇನ್ನು ಕೆಲವು ಕಡೆ ಸತ್ತದ್ದು ಮಾತ್ರ.

ಎರೆಹುಳದ ಕತೆ ಇನ್ನೂ ವಿಚಿತ್ರ. ಹುಳ ಮಣ್ಣಿಗೆ ಒಳ್ಳೆಯದು ಅಂತಲೇ ನಾವೆಲ್ಲ ಓದಿದ್ದು ಅಲ್ವಾ? ಅಮೆರಿಕದ ಮಿನ್ನೆಸೋಟದಂಥ ಕಡೆ ಹಿಮಯುಗದ ನಂತರ ಕಾಡಿನಲ್ಲಿ ಎರೆಹುಳವೇ ಇರಲಿಲ್ಲ. ನೆಲದ ಮೇಲೆ ದಪ್ಪಗೆ ತರಗೆಲೆ, ಅದರಲ್ಲಿ ಬೇರು ಬಿಡುವ ಗಿಡಗಳು. ಹೊರಗಿಂದ ಬಂದ ಹುಳಗಳು, ಅದರಲ್ಲಿ ಗಾಳಗಾರರು ದಡದಲ್ಲಿ ಚೆಲ್ಲಿದವೂ ಸೇರಿ, ಆ ತರಗೆಲೆಯನ್ನು ತಿಂದು ಮುಗಿಸುತ್ತಿವೆ. ಕಾಡಿನ ಸಣ್ಣ ಗಿಡಗಳೇ ಮಾಯವಾಗುತ್ತಿವೆ. ಉಳಿದ ಹುಳವನ್ನು ಮನೆಗೆ ತನ್ನಿ, ಇಲ್ಲವೇ ಕಸದ ಡಬ್ಬಿಗೆ ಹಾಕಿ. ಎರೆಮೀನಿನ ಬಕೆಟ್ಟಿನ ನೀರನ್ನು ಒಣ ನೆಲದ ಮೇಲೆ ಸುರಿಯಿರಿ. ಮೀನು ಹಿಡಿಯಲು ಹಾಕುವ ಬೂಟು, ಕೈಬಲೆ ಪೂರ್ತಿ ಒಣಗದೆ ಇನ್ನೊಂದು ನೀರಿಗೆ ಇಳಿಯಬೇಡಿ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. 2008ರಲ್ಲಿ ಅವರು ಅಡಿಯಲ್ಲಿ ಉಣ್ಣೆಯಂಥ ಪದರ ಇರುವ ಬೂಟುಗಳನ್ನೇ ನಿಷೇಧಿಸಿದರು. ಆ ಪದರ ನೀರು ಹಿಡಿದಿಟ್ಟುಕೊಂಡು ಒಣಗಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಭಾವ ಬ್ಯಾಟರಿ, ಇನ್ವರ್ಟರ್ ಕಟ್ಟಿಕೊಂಡು ನೀರಿಗೆ ಕರೆಂಟ್ ಕೊಟ್ಟು ಮೀನು ಹಿಡಿಯುತ್ತಾರೆ. ವಿಜ್ಞಾನಿಗಳೂ ಹೀಗೇ ಮಾಡುತ್ತಾರಂತೆ. ಹಾಗಾದರೆ ತಪ್ಪೇನು?

ಭಾವನಿಗೆ ಈ ಪುಟ ತೋರಿಸಿ. ವಿಜ್ಞಾನಿಗಳು ಮಾಡುವುದು ನಿಜ. ಅವರ ಬಳಿ ಅನುಮತಿ ಪತ್ರ ಇರುತ್ತದೆ, ನೀರಿಗೆ ತಕ್ಕಂತೆ ಅಳೆದು ಬಿಡುವ ಯಂತ್ರ ಇರುತ್ತದೆ, ರಬ್ಬರ್ ಉಡುಪು ಇರುತ್ತದೆ. ಬಿಟ್ಟು ಬಿಟ್ಟು ಹರಿಯುವ ಡಿಸಿ ಕರೆಂಟಿಗೆ ಮೀನು ಒಂದು ತುದಿಯ ಕಡೆ ಈಜಿ ಬರುತ್ತದೆ. ಅವರು ಎಣಿಸಿ, ಅಳೆದು, ವಾಪಸು ಬಿಡುತ್ತಾರೆ. ಇನ್ವರ್ಟರಿನಿಂದ ಬರುವುದು ಎಸಿ. ಅದು ಮೀನಿನ ಸ್ನಾಯುಗಳನ್ನು ಎಷ್ಟು ಜೋರಾಗಿ ಸೆಟೆಸುತ್ತದೆ ಅಂದರೆ ಬೆನ್ನುಮೂಳೆಯೇ ಮುರಿಯುತ್ತದೆ. ನೀವು ಎತ್ತಿಕೊಂಡ ನಾಲ್ಕು ಮೀನಿನ ಹಿಂದೆ, ಕೈಗೆ ಸಿಗದೆ ಬೆನ್ನು ಮುರಿದುಕೊಂಡು ಹೋದವು ಎಷ್ಟೋ. ಒದ್ದೆ ಕಾಲಲ್ಲಿ ನಿಂತ ಭಾವನೂ ಅದೇ ನೀರಿನಲ್ಲಿದ್ದಾನೆ ಅನ್ನುವುದನ್ನು ಮರೆಯಬೇಡಿ. ಹೀಗೆ ಸತ್ತವರಿದ್ದಾರೆ.

ತೋಟೆ ಸಿಡಿಸುವುದು, ವಿಷ ಹಾಕುವುದು ಕೂಡ ಇದೇ ಸಾಲಿಗೆ ಸೇರಿದ್ದು. ಸಿಡಿತದ ಒತ್ತಡಕ್ಕೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ಗಾಳಿಚೀಲ ಒಡೆದ ಮೀನು ತೇಲುವುದಿಲ್ಲ, ಮುಳುಗುತ್ತದೆ. ಅಂದರೆ ಕೊಂದದ್ದರಲ್ಲಿ ಎಷ್ಟೋ ಮೀನು ಕೊಂದವನಿಗೂ ಸಿಗುವುದಿಲ್ಲ. ವಿಷಕ್ಕೆ ಮೀನು, ಮರಿ, ಮೊಟ್ಟೆ, ಹುಳು ಅನ್ನುವ ಭೇದವಿಲ್ಲ. ಇಂಡಿಯಾದ ಮೀನುಗಾರಿಕೆ ಕಾಯ್ದೆ 1897ರದ್ದು. ಅದರ 4ನೇ ಸೆಕ್ಷನ್ ಸ್ಫೋಟಕವನ್ನೂ 5ನೇ ಸೆಕ್ಷನ್ ವಿಷವನ್ನೂ ನಿಷೇಧಿಸಿದ್ದು ಆಗಲೇ. ನಾನು ಈ ಅಂಕಣದಲ್ಲಿ ಹೆಚ್ಚಿನ ವಿಷಯಗಳಿಗೆ ‘ಅಲ್ಲಿಯ ನಿಯಮ ನೋಡಿ’ ಅನ್ನುತ್ತೇನೆ. ಈ ಮೂರಕ್ಕೆ ಅದನ್ನು ಹೇಳುವ ಅಗತ್ಯವೇ ಇಲ್ಲ.

ಪ್ರಶ್ನೆ: ಎರೆ ಮುಳುಗಲೆಂದು ದಾರಕ್ಕೆ ಬಿಗಿಯುವ ಸೀಸದ ಗುಂಡು ಬಿಟ್ಟು ಬೇರೆ ಏನು ಬಳಸಬಹುದು? ಅಷ್ಟು ಸಣ್ಣ ಗುಂಡಿನಿಂದ ಏನಾಗುತ್ತದೆ?

ಸಣ್ಣದಾಗಿರುವುದೇ ತೊಂದರೆ. ಹಂಸ, ಬಾತುಗಳು ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ದಾರ ಕಡಿದು ತಳದಲ್ಲಿ ಬಿದ್ದ ಸೀಸವನ್ನೂ ಕಲ್ಲೆಂದು ನುಂಗುತ್ತವೆ. ಅದು ಹೊಟ್ಟೆಯಲ್ಲಿ ಸವೆದು ರಕ್ತ ಸೇರುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದಕ್ಕೆ 1987ರಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳನ್ನು ನಿಲ್ಲಿಸಿದರು. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಕಡಿಮೆಯದ್ದಕ್ಕೆ ನಿಷೇಧ ಇದೆ. ಬದಲಿಗೆ ತವರ, ಉಕ್ಕು, ಟಂಗ್‌ಸ್ಟನ್ ಇವೆ. ಟಂಗ್‌ಸ್ಟನ್ ದುಬಾರಿ, ಆದರೆ ಸೀಸಕ್ಕಿಂತ ತೂಕ, ಸಣ್ಣ ಗುಂಡೇ ಸಾಕು. ತವರ ಹಗುರ, ಆದ್ದರಿಂದ ಗುಂಡು ಸ್ವಲ್ಪ ದೊಡ್ಡದಾಗುತ್ತದೆ. ಸೀಸವನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸ ಇದ್ದರೆ ಅದನ್ನಂತೂ ಇವತ್ತೇ ಬಿಡಿ.

ಪ್ರಶ್ನೆ: ಹಿಡಿದದ್ದನ್ನೆಲ್ಲ ವಾಪಸು ಬಿಟ್ಟರೆ ಯಾವ ಕಾನೂನಿನ ಭಯವೂ ಇಲ್ಲ ಅಲ್ವಾ?

ಹಾಗೇನಿಲ್ಲ. ಜರ್ಮನಿಯಲ್ಲಿ ಸರಿಯಾದ ಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡುವುದು ಅಪರಾಧ. ಬರೀ ಫೋಟೋಗೆ ಹಿಡಿದು ಬಿಟ್ಟರೆ ಅಲ್ಲಿ ಕೇಸು ಬೀಳಬಹುದು. ಇನ್ನೊಂದು ಕಡೆ, ಸಂತಾನದ ಕಾಲಕ್ಕೆ ನದಿ ಮುಚ್ಚಿದ್ದರೆ ಬಿಡಲೆಂದೂ ಹಿಡಿಯುವಂತಿಲ್ಲ. ಇಂಗ್ಲೆಂಡಿನ ನದಿಗಳಲ್ಲಿ ಟ್ರೌಟ್, ಸಾಲ್ಮನ್ ಬಿಟ್ಟು ಉಳಿದ ಮೀನುಗಳಿಗೆ ಮಾರ್ಚ್ 15ರಿಂದ ಜೂನ್ 15ರವರೆಗೆ ಬಾಗಿಲು ಮುಚ್ಚಿರುತ್ತದೆ.

ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣ ಕೈ ಮೀನಿನ ಮೈಯ ಲೋಳೆ ಕೀಳುತ್ತದೆ, ಅದು ಹೋದರೆ ಸೋಂಕು ತಗಲುತ್ತದೆ. ಗಂಟಿನ ನೂಲಿನ ಕೈಬಲೆಗಿಂತ ಗಂಟಿಲ್ಲದ ರಬ್ಬರ್ ಬಲೆ ವಾಸಿ. ದೊಡ್ಡ ಮೀನನ್ನು ದವಡೆ ಹಿಡಿದು ನೇತಾಡಿಸಬೇಡಿ, ಹೊಟ್ಟೆಯಡಿ ಇನ್ನೊಂದು ಕೈ ಕೊಡಿ.

ಪ್ರಶ್ನೆ: ಮಗಳಿಗೆ ಗಾಳ ಕಲಿಸಬೇಕು. ಯಾವ ಸಾಮಾನಿನಿಂದ ಶುರು ಮಾಡಲಿ?

ಒಂದೇ ಕೋಲು, ಒಂದೇ ಒಂಟಿ ಕೊಕ್ಕೆ, ಮುಳ್ಳು ಒತ್ತಿದ್ದು. ಒಂದು ಬೆಂಡು, ತವರದ ಎರಡು ಗುಂಡು. ಇಕ್ಕಳ, ಕತ್ತರಿ, ಅಳತೆ ಟೇಪು. ಟೇಪು ಯಾಕೆ ಅಂದರೆ, ಇಷ್ಟು ಉದ್ದಕ್ಕಿಂತ ಸಣ್ಣದನ್ನು ಬಿಡಬೇಕು ಅನ್ನುವ ನಿಯಮ ಬಹಳ ಕಡೆ ಇದೆ. ಮೊಟ್ಟೆ ಜಾಸ್ತಿ ಇಡುವುದು ದೊಡ್ಡ ಹೆಣ್ಣು ಮೀನು ಅಂತ, ಇಷ್ಟಕ್ಕಿಂತ ದೊಡ್ಡದನ್ನೂ ಬಿಡಬೇಕು ಅನ್ನುವ ಕಡೆಗಳೂ ಇವೆ. ಮೂತಿಯಿಂದ ಬಾಲದ ತುದಿಯವರೆಗೋ, ಬಾಲ ಕವಲೊಡೆಯುವ ಜಾಗದವರೆಗೋ ಅಂತ ನಿಯಮದಲ್ಲಿ ನೋಡಿಕೊಂಡೇ ಅಳೆಯಿರಿ. ನಾನು ಕೋಲಿನ ಮೇಲೇ ಬಣ್ಣದ ಟೇಪ್ ಸುತ್ತಿ ಎರಡೂ ಗುರುತು ಹಾಕಿದ್ದೇನೆ. ಮಗಳ ಕೋಲಿಗೆ ಅವಳ ಕೈಯಲ್ಲೇ ಹಾಕಿಸಿ.